ವಿದ್ಯಾರ್ಥಿ ಸಿನಿಮಾ ಎಡಿಟ್ ಮಾಡಲು ಒಪ್ಪಿಕೊಳ್ಳುವವರಿಗೆ: ನಮ್ಮ ತೆರೆಯ ಮೇಲೆ ಚಪ್ಪಲಿ ಬಂದ ಕಥೆ

"ಶೂಟಿಂಗ್ ಮುಗೀತು, ಇನ್ನು ಎಡಿಟ್ ಒಂದೇ ಬಾಕಿ" ಅಂತ ಯಾರಾದರೂ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದರೆ ತಕ್ಷಣ ಕೈ ಚಾಚಬೇಡಿ. ನಾನು ಚಾಚಿದೆ. 14 ನಿಮಿಷದ ಸಿನಿಮಾ ಅಲ್ವಾ, ಮೂರು ವಾರ ಸಾಕು ಅಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು. ಒಬ್ಬ ಗೆಳೆಯನ ಜೊತೆ ಮಾತು ನಿಂತಿತು. ಕೊನೆಗೆ ತುಂಬಿದ ಹಾಲ್‌ನಲ್ಲಿ ಎಲ್ಲರ ಎದುರು ಮಾನ ಹೋಯಿತು. ಅದು ಹೇಗೆ ಅಂತ ಬರೆಯುತ್ತಿದ್ದೇನೆ, ಯಾಕೆಂದರೆ ಹೋದದ್ದು ಬಹಳ ಸಣ್ಣ ವಿಷಯಕ್ಕೆ, ಮತ್ತು ಆ ಸಣ್ಣ ವಿಷಯ ನನಗೆ ಮೊದಲನೇ ದಿನವೇ ಕಂಡಿತ್ತು.

ತಪ್ಪೆಲ್ಲ ಸಿನಿಮಾ ತೆಗೆದವರದು ಅಂತ ಹೇಳುತ್ತಿಲ್ಲ. ಅರ್ಧಕ್ಕಿಂತ ಜಾಸ್ತಿ ನನ್ನದೇ.

ಅದು ಕೋರ್ಸಿನ ಕೊನೆಯ ಪ್ರಾಜೆಕ್ಟ್. ನಾಲ್ಕು ದಿನ ಶೂಟಿಂಗ್, ಎರಡು ಕ್ಯಾಮೆರಾ, ಕೆಲವು ಶಾಟ್ ಫೋನ್‌ನಲ್ಲಿ, ಧ್ವನಿ ಬೇರೆ ರೆಕಾರ್ಡರ್‌ನಲ್ಲಿ. ಒಟ್ಟು ಆರು ಗಂಟೆಯಷ್ಟು ಫುಟೇಜ್. ನಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿತ್ತು, ಅಂದರೆ ಗಂಟೆಗೆ ಸುಮಾರು 45 ಜಿಬಿ. ಲೆಕ್ಕ ಹಾಕಿ, 270 ಜಿಬಿ ಆಗುತ್ತದೆ. ಅಷ್ಟೂ ಒಂದೇ ಡಿಸ್ಕ್‌ನಲ್ಲಿತ್ತು. ಇನ್ನೊಂದು ಪ್ರತಿ ಎಲ್ಲಿ ಅಂತ ಕೇಳಿದರೆ ನಿರ್ದೇಶಕ ನಕ್ಕ. ಕಾರ್ಡ್‌ಗಳನ್ನು ದಿನ ದಿನವೂ ಫಾರ್ಮ್ಯಾಟ್ ಮಾಡಿ ಮತ್ತೆ ಬಳಸಿದ್ದರು. ಮರುದಿನವೇ ನಾನು ಇನ್ನೊಂದು ಡಿಸ್ಕ್‌ಗೆ ಪೂರ್ತಿ ಕಾಪಿ ಮಾಡಿಟ್ಟುಕೊಂಡೆ. ಈ ಕಥೆಯಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಡಿಸ್ಕ್ ತೆರೆದಾಗ ಫೋಲ್ಡರ್‌ಗಳ ಹೆಸರು ಹೀಗಿದ್ದವು: "ಡೇ 2", "ಡೇ 2 ಹೊಸದು", "ಡೇ 3 ಉಳಿದದ್ದು", "ಇದು ಬೇಡ ಆದರೆ ಇರಲಿ". ಒಳಗೆ ಹೋದರೆ ಪ್ರತಿ ಫೋಲ್ಡರ್‌ನಲ್ಲೂ ಸಿ0001, ಸಿ0002, ಸಿ0003. ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಕ್ಯಾಮೆರಾ ಎಣಿಕೆಯನ್ನು ಮೊದಲಿಂದ ಶುರು ಮಾಡಿತ್ತು. ಸುಮಾರು ಕ್ಯಾಮೆರಾಗಳಲ್ಲಿ ಎಣಿಕೆ ಮುಂದುವರಿಸು ಅನ್ನುವ ಸೆಟ್ಟಿಂಗ್ ಇರುತ್ತದೆ, ಆದರೆ ಅದನ್ನು ಯಾರು ನೋಡುತ್ತಾರೆ? ಹೀಗಾಗಿ ಸಿ0012 ಅನ್ನುವ ಹೆಸರಿನ ಐದು ಬೇರೆ ಬೇರೆ ಫೈಲ್ ಇದ್ದವು. ನೋಡಿದೆ. ಇದು ಮುಂದೆ ಕಾಟ ಕೊಡುತ್ತದೆ ಅಂತ ಗೊತ್ತಾಯಿತು. ಹೆಸರು ಬದಲಿಸಲು ಒಂದು ಸಂಜೆ ಸಾಕಿತ್ತು. "ಆಮೇಲೆ ನೋಡೋಣ, ಮೊದಲು ಕಟ್ ತೋರಿಸು" ಅಂದ ನಿರ್ದೇಶಕ. ನಾನೂ ಹೂಂ ಅಂದೆ, ಯಾಕೆಂದರೆ ನನಗೂ ಕತ್ತರಿ ಹಿಡಿಯುವ ಆಸೆ. ಫೈಲ್‌ಗಳಿಗೆ ಹೆಸರು ಇಡುವುದಕ್ಕೆ ಯಾರು ಎಡಿಟಿಂಗ್ ಕಲಿಯಲು ಬರುತ್ತಾರೆ ಹೇಳಿ.

ಮೊದಲ ಎರಡು ವಾರ ಸಿಂಕ್ ಮಾಡುವುದರಲ್ಲೇ, ಅಂದರೆ ಚಿತ್ರಕ್ಕೆ ಧ್ವನಿ ಹೊಂದಿಸುವುದರಲ್ಲೇ ಹೋಯಿತು. ಮೂರನೇ ದಿನದ ಶೂಟಿಂಗ್‌ನಲ್ಲಿ ಕ್ಲಾಪ್ ಹೊಡೆಯುವವನು ಬಂದಿರಲಿಲ್ಲವಂತೆ. ಆ ಸದ್ದು ಹಿಡಿದು ಹೊಂದಿಸಲು ಚಪ್ಪಾಳೆಯಾದರೂ ತಟ್ಟಬಹುದಿತ್ತು. ಅದೂ ಇಲ್ಲ. ಕ್ಯಾಮೆರಾ ತನ್ನ ಮೈಕಿನಲ್ಲಿ ಹಿಡಿದ ಕೆಟ್ಟ ಧ್ವನಿ ಇರುತ್ತದಲ್ಲ, ಅದರ ಅಲೆ ನೋಡಿ ಸಾಫ್ಟ್‌ವೇರ್ ತಾನಾಗಿ ಹೊಂದಿಸುತ್ತದೆ. ಆದರೆ ಎರಡನೇ ಕ್ಯಾಮೆರಾದಲ್ಲಿ ಆಡಿಯೋ ಆಫ್ ಮಾಡಿದ್ದರು, "ಹೇಗೂ ಬೇರೆ ರೆಕಾರ್ಡ್ ಆಗುತ್ತಿದೆಯಲ್ಲ" ಅಂತ. ಹಾಗಾಗಿ ತುಟಿ ನೋಡಿಕೊಂಡು ಒಂದೊಂದೇ ಟೇಕ್ ಕೈಯಲ್ಲಿ ಕೂರಿಸಿದೆ. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ, ಆ ಜಾಗ ಹಿಡಿದು ಹೊಂದಿಸಬೇಕು. ಎರಡು ವಾರ ಯಾರಾದರೂ ಎದುರು ನಿಂತು ಮಾತಾಡಿದರೆ ಅವರ ತುಟಿಯನ್ನೇ ನೋಡುತ್ತಿದ್ದೆ.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಅನ್ನುವುದು, ಅದರ ವಿಷಯ ಇನ್ನೂ ಚೆಂದ. ಒಂದು ಕ್ಯಾಮೆರಾದ ಮೆನುವಿನಲ್ಲಿ 24 ಅಂತ ಇತ್ತು, ಆದರೆ ಅದು ನಿಜವಾಗಿ ರೆಕಾರ್ಡ್ ಮಾಡಿದ್ದು 23.976. ನನ್ನ ಟೈಮ್‌ಲೈನ್, ಅಂದರೆ ಸಾಫ್ಟ್‌ವೇರ್‌ನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ಸರಿಯಾಗಿ 24. ಯಾರೋ ಹೇಳಿದರು ಅಂತ ಆ ಕ್ಲಿಪ್‌ಗಳನ್ನೆಲ್ಲ 24 ಅಂತ ಓದಿಕೊಳ್ಳುವಂತೆ ಮಾಡಿದೆ. ಅಂದರೆ ಚಿತ್ರ ಸಾವಿರಕ್ಕೆ ಒಂದು ಪಾಲು ವೇಗವಾಗಿ ಓಡುತ್ತದೆ, ಬೇರೆ ರೆಕಾರ್ಡ್ ಆದ ಧ್ವನಿ ಮಾತ್ರ ತನ್ನ ವೇಗದಲ್ಲೇ ಇರುತ್ತದೆ. ಸಣ್ಣ ಶಾಟ್‌ನಲ್ಲಿ ಗೊತ್ತೇ ಆಗುವುದಿಲ್ಲ. ನಮ್ಮ ನಿರ್ದೇಶಕನಿಗೆ ಉದ್ದ ಟೇಕ್ ಅಂದರೆ ಪ್ರಾಣ, ಒಂಬತ್ತು ನಿಮಿಷ ಕ್ಯಾಮೆರಾ ನಿಲ್ಲಿಸದೆ ತೆಗೆದಿದ್ದ. ಅದರ ಶುರುವಿನಲ್ಲಿ ತುಟಿ ಸರಿಯಾಗಿ ಕೂತಿದ್ದರೆ ಕೊನೆಯಲ್ಲಿ ಅರ್ಧ ಸೆಕೆಂಡ್, ಅಂದರೆ 13 ಫ್ರೇಮ್ ಆಚೀಚೆ. ಕಾರಣ ಹುಡುಕಲು ಮೂರು ದಿನ ಹೋಯಿತು. ಸುಮ್ನೆ ಟೈಮ್‌ಲೈನ್ ಅನ್ನೇ 23.976 ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಒಮ್ಮೆ ಕಟ್ ಶುರು ಮಾಡಿದ ಮೇಲೆ ಟೈಮ್‌ಲೈನ್‌ನ ಫ್ರೇಮ್ ರೇಟ್ ಬದಲಿಸಲು ಹೋದರೆ ಕಟ್‌ಗಳೆಲ್ಲ ಜಾಗ ಬಿಡುತ್ತವೆ, ಕೆಲವು ಸಾಫ್ಟ್‌ವೇರ್‌ಗಳು ಬದಲಿಸಲು ಬಿಡುವುದೇ ಇಲ್ಲ. ಫೋನ್ ಫುಟೇಜ್ ಇದ್ದರೆ ಇನ್ನೂ ಹುಷಾರು. ಎಷ್ಟೋ ಫೋನ್‌ಗಳು ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ತಮ್ಮಷ್ಟಕ್ಕೆ ಫ್ರೇಮ್ ರೇಟ್ ಏರಿಳಿಸುತ್ತವೆ. ಅದನ್ನು ಮೊದಲು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೇ ಸ್ಥಿರ ರೇಟಿಗೆ ಬದಲಿಸಿಕೊಂಡು ಆಮೇಲೆ ಒಳಗೆ ತನ್ನಿ.

ರೂಮ್ ಟೋನ್ ಕೂಡ ಇರಲಿಲ್ಲ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿಕೊಂಡು 30 ಸೆಕೆಂಡ್ ನಿಂತು ಆ ಜಾಗದ ನಿಶ್ಶಬ್ದವನ್ನು ರೆಕಾರ್ಡ್ ಮಾಡಿದ್ದರೆ ಸಾಕಿತ್ತು. ಅದಿಲ್ಲದಿದ್ದರೆ ಎರಡು ಮಾತಿನ ನಡುವೆ ಕತ್ತರಿಸಿದ ಜಾಗ ಕಿವಿಗೆ ಗುಂಡಿಯ ಹಾಗೆ ಕೇಳುತ್ತದೆ. "ಆಕ್ಷನ್" ಅನ್ನುವ ಮೊದಲಿನ ಒಂದೆರಡು ಸೆಕೆಂಡ್ ಮೌನವನ್ನು ಹೆಕ್ಕಿ ಹೆಕ್ಕಿ ತೇಪೆ ಹಾಕಿದೆ.

ರಫ್ ಕಟ್ 27 ನಿಮಿಷ ಬಂತು. ಬೇಕಾದದ್ದು 14. ಇದು ಸಹಜ, ಮೊದಲ ಕಟ್ ಯಾವಾಗಲೂ ಉದ್ದವೇ. ಜಗಳ ಶುರುವಾದದ್ದು ಯಾರ ಮಾತು ಕೊನೆಯದು ಅಂತ ನಾವು ತೀರ್ಮಾನ ಮಾಡದೇ ಇದ್ದದ್ದರಿಂದ. ನಿರ್ದೇಶಕ ಒಂದು ಹೇಳುತ್ತಾನೆ, ನಿರ್ಮಾಣ ನೋಡಿಕೊಂಡವಳು ಇನ್ನೊಂದು ಹೇಳುತ್ತಾಳೆ, ಕ್ಯಾಮೆರಾದವನಿಗೆ ತನ್ನ ಸೂರ್ಯೋದಯದ ಶಾಟ್ ಇರಲೇಬೇಕು, ಗೈಡ್‌ಗೆ ಮೊದಲ ದೃಶ್ಯವೇ ಬೇಡ. ಎಲ್ಲರೂ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. "ಅವಳು ತಿರುಗುತ್ತಾಳಲ್ಲ, ಅಲ್ಲಿ ಸ್ವಲ್ಪ ಬೇಗ." ಸಿನಿಮಾದಲ್ಲಿ ಅವಳು ಹನ್ನೊಂದು ಸಲ ತಿರುಗುತ್ತಾಳೆ ಮಾರಾಯ! ನೋಡಲು ಕಳಿಸುವ ಪ್ರತಿಯ ಮೇಲೆ ಓಡುವ ಟೈಮ್‌ಕೋಡ್ (ನಿಮಿಷ, ಸೆಕೆಂಡ್, ಫ್ರೇಮ್ ತೋರಿಸುವ ಅಂಕಿ) ಹಾಕಿ ಕಳಿಸಿ, ಟೈಮ್‌ಕೋಡ್ ಇಲ್ಲದ ಸಲಹೆ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಒರಟು ಅನ್ನಿಸಿದರೂ ಪರವಾಗಿಲ್ಲ.

ಟೆಂಪ್ ಮ್ಯೂಸಿಕ್, ಅಂದರೆ ತಾತ್ಕಾಲಿಕ ಸಂಗೀತ ಹಾಕಿದ್ದು ಮಾತ್ರ ಪೂರ್ತಿ ನನ್ನ ತಪ್ಪು. ಕಟ್‌ನ ಲಯ ಸಿಗಲಿ ಅಂತ ಒಂದು ಹೆಸರಾದ ಸಿನಿಮಾದ ಹಿನ್ನೆಲೆ ಸಂಗೀತ ಹಾಕಿ ತೋರಿಸಿದೆ. ಎಲ್ಲರಿಗೂ ಕಣ್ಣಲ್ಲಿ ನೀರು. ಅದನ್ನು ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ, ಯೂಟ್ಯೂಬ್‌ಗೆ ಹಾಕಿದರೆ ತಾನಾಗಿ ಹಿಡಿದುಹಾಕುತ್ತದೆ, ಚಿತ್ರೋತ್ಸವಕ್ಕೆ ಕಳಿಸಿದರೆ ಸಂಗೀತದ ಅನುಮತಿ ಪತ್ರ ಕೇಳುತ್ತಾರೆ. ಆಮೇಲೆ ನಮ್ಮದೇ ಬ್ಯಾಚಿನ ಹುಡುಗಿ ಪಾಪ ನಾಲ್ಕು ಸಲ ಸಂಗೀತ ಮಾಡಿಕೊಟ್ಟಳು. ನಾಲ್ಕು ಸಲವೂ ನಿರ್ದೇಶಕನದ್ದು ಒಂದೇ ಮಾತು, "ಚೆನ್ನಾಗಿದೆ, ಆದರೆ ಅದರ ಹಾಗಿಲ್ಲ." ಅವಳ ಸಂಗೀತ ನಿಜಕ್ಕೂ ಚೆನ್ನಾಗಿತ್ತು. ಅದಕ್ಕಿಂತ ಮೊದಲು ಬೇರೊಂದನ್ನು ಕೇಳಿಸಿದವನು ನಾನು.

ಪಿಕ್ಚರ್ ಲಾಕ್, ಅಂದರೆ ಇನ್ನು ಕಟ್ ಬದಲಿಸುವುದಿಲ್ಲ ಅಂತ ಮೂರು ಸಲ ಘೋಷಿಸಿದೆವು. ಮೊದಲ ಲಾಕ್ ಆದ ಮೇಲೆ ಸೌಂಡ್ ಮಾಡುವ ಗೆಳೆಯನಿಗೆ ಟೈಮ್‌ಲೈನ್ ಕೊಟ್ಟೆ, ಅವನು ಹೆಜ್ಜೆ ಸದ್ದು, ಬಾಗಿಲ ಸದ್ದು ಎಲ್ಲ ಕೂರಿಸಲು ಶುರು ಮಾಡಿದ. ಒಂದು ವಾರದ ಮೇಲೆ ಎರಡನೇ ದೃಶ್ಯದಲ್ಲಿ ಹನ್ನೊಂದು ಫ್ರೇಮ್ ತೆಗೆದೆವು. ಹನ್ನೊಂದೇ ಫ್ರೇಮ್, ಅರ್ಧ ಸೆಕೆಂಡೂ ಇಲ್ಲ. ಅಲ್ಲಿಂದ ಮುಂದಿನ ಅವನ ಕೆಲಸವೆಲ್ಲ ಹನ್ನೊಂದು ಫ್ರೇಮ್ ತಪ್ಪಿತು. ಎರಡನೇ ಲಾಕ್ ಮುರಿದಾಗ ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ. ಮಾತು ನಿಂತದ್ದು ಇವನ ಜೊತೆಗೇ, ಇವತ್ತಿಗೂ ಸರಿಯಾಗಿಲ್ಲ. ಮೊದಲಿಗೆ ನನಗೆ ಅವನದು ಜಾಸ್ತಿಯಾಯಿತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಇನ್ನು ಚಪ್ಪಲಿ ವಿಷಯ.

ನನ್ನ ಲ್ಯಾಪ್‌ಟಾಪ್‌ಗೆ ಮೂಲ ಫುಟೇಜ್ ಎಳೆಯುವ ಶಕ್ತಿ ಇರಲಿಲ್ಲ. ಅದಕ್ಕೆ ಎಲ್ಲದರ ಸಣ್ಣ ಪ್ರತಿ, ಅಂದರೆ ಪ್ರಾಕ್ಸಿ, ಮಾಡಿಕೊಂಡು ಅದರಲ್ಲೇ ಎಡಿಟ್ ಮಾಡಿದ್ದೆ. ಕೊನೆಗೆ ಮೂಲ ಫೈಲ್‌ಗಳಿಗೆ ಜೋಡಿಸಿ ದೊಡ್ಡದಾಗಿ ಎಕ್ಸ್‌ಪೋರ್ಟ್ ಮಾಡಬೇಕು, ಅದಕ್ಕೆ ಲ್ಯಾಬ್‌ನ ಕಂಪ್ಯೂಟರ್. ಮಧ್ಯದಲ್ಲಿ ಒಂದು ದಿನ ಬೇಸರಕ್ಕೆ ಡಿಸ್ಕ್‌ನ ಆ ಹಾಳು ಫೋಲ್ಡರ್‌ಗಳ ಹೆಸರನ್ನು ನಾನೇ ನೀಟಾಗಿ ಬದಲಿಸಿ ಜೋಡಿಸಿದ್ದೆ. ಫೋಲ್ಡರ್‌ಗಳದ್ದು ಮಾತ್ರ, ಫೈಲ್‌ಗಳದ್ದಲ್ಲ. ಇದಕ್ಕಿಂತ ದೊಡ್ಡ ಪೆದ್ದುತನ ಇಲ್ಲ.

ಸಲ್ಲಿಸುವ ಹಿಂದಿನ ರಾತ್ರಿ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ತೆರೆದೆ. ಎಲ್ಲ ಕ್ಲಿಪ್ ಕೆಂಪು, ಮೀಡಿಯಾ ಎಲ್ಲಿ ಅಂತ ಕೇಳಿತು. ಒಂದು ಫೈಲ್ ತೋರಿಸಿದೆ. ಉಳಿದವನ್ನು ಅದೇ ಹುಡುಕಿಕೊಂಡಿತು. ಪಟಪಟ ಅಂತ ಕೆಂಪೆಲ್ಲ ಹೋಯಿತು, ಎಷ್ಟು ಖುಷಿಯಾಯಿತು ಅಂದರೆ ಕುಣಿಯುವುದೊಂದು ಬಾಕಿ. ಫೋಲ್ಡರ್‌ಗಳ ಹೆಸರು ಬದಲಾಗಿ ಹಳೆಯ ದಾರಿ ಇಲ್ಲದ್ದರಿಂದ ಅದು ಬರೀ ಫೈಲ್‌ನ ಹೆಸರು ನೋಡಿ ಹುಡುಕಿತ್ತು. ಮೂರನೇ ದಿನದ ಸಿ0012 ಬೇಕಾದ ಕಡೆ ಮೊದಲನೇ ದಿನದ ಸಿ0012 ಸಿಕ್ಕಿತು, ಅದನ್ನೇ ಕೂರಿಸಿತು. ಉದ್ದ ಸಾಕಷ್ಟಿತ್ತು, ಹಾಗಾಗಿ ಒಂದು ಎಚ್ಚರಿಕೆಯ ಮಾತೂ ಬರಲಿಲ್ಲ.

ಶುರುವಿನ ಒಂದು ನಿಮಿಷ, ಕೊನೆಯ ಒಂದು ನಿಮಿಷ ನೋಡಿದೆ. ಸರಿ ಇತ್ತು. ಎಕ್ಸ್‌ಪೋರ್ಟ್ ಒತ್ತಿದೆ. ಮುಗಿದಾಗ ರಾತ್ರಿ ಎರಡು ಗಂಟೆ, ಫೈಲ್ ಸುಮಾರು 18 ಜಿಬಿ. 64 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಹಾಕಿದರೆ ಫೈಲ್ ತುಂಬಾ ದೊಡ್ಡದು ಅಂತ ಹೇಳುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿತ್ತು, ಅದರಲ್ಲಿ ಎಷ್ಟೇ ಜಾಗ ಇರಲಿ, 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕು ಅಂತ ತಲೆಗೆ ಹೊಳೆಯಲು ಒಂದು ಗಂಟೆ ಬೇಕಾಯಿತು. ಸಿನಿಮಾವನ್ನು ಪೂರ್ತಿ ನೋಡಲು ಬೇಕಿದ್ದದ್ದು 14 ನಿಮಿಷ. ಆ 14 ನಿಮಿಷ ಕೂರಲಿಲ್ಲ, ಮನೆಗೆ ಹೋಗಿ ಮಲಗಿದೆ.

ಮರುದಿನ ಪ್ರದರ್ಶನ. ಎಂಟನೇ ನಿಮಿಷ, ತಾಯಿ ಮಗನಿಗೆ ತಾನು ಬಿಟ್ಟುಹೋಗುತ್ತಿದ್ದೇನೆ ಅಂತ ಹೇಳುವ ದೃಶ್ಯ. ಹಾಲ್ ಪೂರ್ತಿ ಮೌನ. ಅವಳ ಮುಖಕ್ಕೆ ಕಟ್ ಆಗಬೇಕಾದ ಕಡೆ ನೆಲ ಬಂತು. ಅಲುಗಾಡುವ ನೆಲ, ಅದರ ಮೇಲೆ ನಡೆಯುತ್ತಿರುವ ಎರಡು ನೀಲಿ ಚಪ್ಪಲಿ. ಮೊದಲನೇ ದಿನ ಕ್ಯಾಮೆರಾದವನು ರೆಕಾರ್ಡಿಂಗ್ ಆಫ್ ಮಾಡಲು ಮರೆತು ಕ್ಯಾಮೆರಾ ಜೋತುಬಿಟ್ಟುಕೊಂಡು ನಡೆದಿದ್ದ. ಧ್ವನಿ ಬೇರೆ ಫೈಲ್‌ನಲ್ಲಿತ್ತಲ್ಲ, ಅದು ಸರಿಯಾಗಿಯೇ ಇತ್ತು. ಹಾಗಾಗಿ ಚಪ್ಪಲಿಗಳ ಮೇಲೆ ತಾಯಿಯ ಅಳುವ ದನಿ ಹರಿಯಿತು, ಏಳು ಸೆಕೆಂಡ್. ಇನ್ನೂ ಎರಡು ಕಡೆ ತಪ್ಪು ಶಾಟ್ ಬಂದಿತ್ತು, ಆದರೆ ಅವು ಮರ, ಕಿಟಕಿ, ಯಾರೂ ಗಮನಿಸಲಿಲ್ಲ.

ಆಮೇಲೆ ಪ್ರಶ್ನೋತ್ತರದಲ್ಲಿ ಒಬ್ಬರು ಆ ಚಪ್ಪಲಿ ಏನನ್ನು ಸೂಚಿಸುತ್ತದೆ ಅಂತ ಗಂಭೀರವಾಗಿಯೇ ಕೇಳಿದರು. ನಿರ್ದೇಶಕ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಈಗ ಯಾರಾದರೂ ಡಿಸ್ಕ್ ತಂದರೆ ಅವರ ಎದುರೇ ತೆರೆಯುತ್ತೇನೆ. ಎರಡನೇ ಪ್ರತಿ ಇದೆಯಾ, ಪ್ರತಿ ಕ್ಯಾಮೆರಾದ ಒಂದು ಕ್ಲಿಪ್ ತೆಗೆದು ಫ್ರೇಮ್ ರೇಟ್ ಎಷ್ಟು, ಆಡಿಯೋ 48 ಕಿಲೋಹರ್ಟ್ಸ್‌ನಲ್ಲೇ (ವಿಡಿಯೋಗೆ ಸಾಮಾನ್ಯವಾಗಿ ಬಳಸುವ ರೇಟ್) ಇದೆಯಾ, ಕೊನೆಯ ಮಾತು ಯಾರದು. ಫೈಲ್‌ಗಳ ಹೆಸರಿನಲ್ಲಿ ದಿನ, ಕ್ಯಾಮೆರಾ, ಕಾರ್ಡ್ ಮೂರೂ ಇರಬೇಕು, ಅದೂ ಎಡಿಟ್ ಶುರುವಾಗುವ ಮೊದಲು. ಶುರುವಾದ ಮೇಲೆ ಒಂದು ಫೋಲ್ಡರ್ ಕೂಡ ಮುಟ್ಟುವುದಿಲ್ಲ. ಸಲ್ಲಿಸುವ ದಿನಕ್ಕಿಂತ ಮೂರು ದಿನ ಮೊದಲು ಎಕ್ಸ್‌ಪೋರ್ಟ್, ಆಮೇಲೆ ಆ ಫೈಲನ್ನೇ ಬೇರೆ ಕಂಪ್ಯೂಟರ್‌ನಲ್ಲಿ, ಸಿನಿಮಾ ಗೊತ್ತಿರುವ ಇನ್ನೊಬ್ಬರ ಜೊತೆ ಕೂತು ಮೊದಲಿಂದ ಕೊನೆವರೆಗೆ ನೋಡುವುದು.

ಹೋದ ತಿಂಗಳು ಒಬ್ಬ ಜೂನಿಯರ್ ಬಂದಿದ್ದ. ತೆರೆದು ನೋಡಿದರೆ ಆರು ಸಿ0001. ಹೆಸರು ಬದಲಿಸಿಕೊಂಡು ಬಾ ಅಂದೆ. "ಅದನ್ನು ಆಮೇಲೆ ಮಾಡಿದರೆ ಆಗಲ್ವಾ?" ಅಂದ. ಡಿಸ್ಕ್ ವಾಪಸ್ ಕೊಟ್ಟೆ, ಮುಖ ಊದಿಸಿಕೊಂಡು ಹೋದ. ಎರಡು ದಿನ ಬಿಟ್ಟು ಬಂದಾಗ ಎಲ್ಲ ಬದಲಿಸಿಕೊಂಡು ಬಂದಿದ್ದ, ಜೊತೆಗೆ ಇನ್ನೊಂದು ಡಿಸ್ಕ್‌ನಲ್ಲಿ ಕಾಪಿಯನ್ನೂ ತಂದಿದ್ದ. ಕೆಲಸ ಶುರುವಾಗಿದೆ, ರಫ್ ಕಟ್ 31 ನಿಮಿಷ ಇದೆ.