ಮುಳುಗಿದ ಊರಿನ 14 ಕಾಗದಗಳು: ಫೋನು, ಸ್ಕ್ಯಾನರ್, ನೋಟ್‌ಬುಕ್ಕು, ಅತ್ತೆ

ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಟ್ರಂಕಿನ ತಳದಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿಟ್ಟ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ 14 ಕಾಗದ. 9 ಇನ್‌ಲ್ಯಾಂಡ್, 5 ಕಾರ್ಡು. ಎಲ್ಲವೂ ಒಂದೇ ಬೇಸಿಗೆ ರಜೆಯಲ್ಲಿ ಬರೆದವು. ಬರೆದವರು ನನ್ನ ಅತ್ತೆ, ಅಪ್ಪನ ತಂಗಿ. ಅಲ್ಲಲ್ಲಿ ಅಜ್ಜನೂ ಒಂದೆರಡು ಸಾಲು ಸೇರಿಸಿದ್ದಾರೆ. ಆಗ ಅವರಿಗೆ 13 ವರ್ಷ. ಸಾಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದರು. ರಜೆಗೆ ಊರಿಗೆ ಬಂದು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಣ್ಣನಿಗೆ ವಾರಕ್ಕೆ ಎರಡು ಮೂರರಂತೆ ಬರೆದಿದ್ದಾರೆ.

ಆ ಊರು ಈಗ ಇಲ್ಲ. ಶರಾವತಿ ದಂಡೆಯ, ಕರೂರು ಹೋಬಳಿಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಮ್ಮ ತೋಟ ಮನೆ ಎಲ್ಲ ನೀರಿನಡಿ ಹೋಯಿತು. ನಮ್ಮ ಕಡೆ ಅದನ್ನು ಮುಳುಗಡೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಪದ ಎಲ್ಲರ ಬಾಯಲ್ಲೂ ಇತ್ತು, ಅದರ ಕತೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ಈ ಕಾಗದಗಳಿಂದ ಒಂದು ಸಾಲೂ ತಪ್ಪಿಹೋಗಬಾರದು ಅನ್ನಿಸಿತು. ನಾಲ್ಕು ದಾರಿ ಪ್ರಯತ್ನಿಸಿದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಗಂಟು ಇದ್ದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಫೋನು. ಎಲ್ಲರೂ ಮಾಡುವುದು ಅದೇ ಅಲ್ವಾ? ಬೆಳಿಗ್ಗೆ ಕಿಟಕಿ ಹತ್ತಿರ ಬಿಳಿ ಬೆಡ್‌ಶೀಟ್ ಹಾಸಿ, ಫ್ಲ್ಯಾಶ್ ಆಫ್ ಮಾಡಿ, ಒಂದೊಂದೇ ಬಿಡಿಸಿ ತೆಗೆದೆ. ಒಂದೂವರೆ ಗಂಟೆಯಲ್ಲಿ 14 ಕಾಗದದ ಎರಡೂ ಬದಿ ಮುಗಿಯಿತು. ಅವತ್ತು ಸಂಜೆಯೇ ತಂಗಿಗೂ ಚಿಕ್ಕಪ್ಪನ ಮಕ್ಕಳಿಗೂ ಕಳಿಸಿದೆ. ಈ ವೇಗ ಬೇರೆ ಯಾವುದಕ್ಕೂ ಇಲ್ಲ. ಮೂಲ ಕಳೆದುಹೋದರೂ ಏನೋ ಒಂದು ಉಳಿಯುತ್ತದೆ ಎಂಬ ಧೈರ್ಯ ಬರುತ್ತದೆ.

ಆಮೇಲೆ ಫೋಟೋದಿಂದ ಅಕ್ಷರ ಎತ್ತಿಕೊಡುವ ಆ್ಯಪ್ ಹಾಕಿ ನೋಡಿದೆ. ಅಚ್ಚಾದ ಕನ್ನಡವನ್ನು ಅದು ಚೆನ್ನಾಗಿ ಓದುತ್ತದೆ. ಅತ್ತೆಯ ಕೈಬರಹದ ಮುಂದೆ ಮಾತ್ರ ಸೋತಿತು. ಒತ್ತಕ್ಷರ ಬಿಟ್ಟು ಬಿಟ್ಟು ಓದಿತು, 'ಅಪ್ಪಯ್ಯ' ಹೋಗಿ 'ಅಪಯ' ಆಯಿತು. 'ಚಿ||' ಎಂದು ಅಜ್ಜ ಬರೆದದ್ದು 'ಚಿ11' ಆಯಿತು. ಇನ್‌ಲ್ಯಾಂಡಿನಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದ ಸಾಲುಗಳನ್ನು ನಡುವಿನ ಸಾಲಿಗೆ ಸೇರಿಸಿಬಿಟ್ಟಿತು. ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ. ಹಳೆಯ ಕೈಬರಹಕ್ಕೆ ಇದನ್ನು ಸದ್ಯಕ್ಕೆ ನಂಬಬೇಡಿ.

ಎರಡನೆಯದು ಫ್ಲಾಟ್‌ಬೆಡ್ ಸ್ಕ್ಯಾನರ್. ಗೆಳೆಯನಿಂದ ಒಂದು ವಾರಕ್ಕೆ ತಂದೆ. ಎ4 ಅಳತೆಯ ಹಾಳೆಯನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಬಣ್ಣದಲ್ಲಿ ತೆಗೆದು ಟಿಫ್ ಎಂಬ ಬಗೆಯ ಚಿತ್ರದ ಫೈಲ್ ಮಾಡಿದರೆ ಒಂದೊಂದು ಫೈಲ್ ಸುಮಾರು 100 ಎಂಬಿ. 300ರಲ್ಲಿ ತೆಗೆದರೆ ಅದರ ಕಾಲು ಭಾಗ. ಓದುವುದಕ್ಕೆ 300 ಧಾರಾಳ ಸಾಕು. 600 ಬೇಕಾದದ್ದು ಅಂಚೆ ಮುದ್ರೆಗೆ ಮಾತ್ರ. ದೊಡ್ಡದು ಮಾಡಿ ನೋಡಿದಾಗ ಒಂದು ಮುದ್ರೆಯಲ್ಲಿ 'ಮೇ' ತಿಂಗಳು ಸಿಕ್ಕಿತು, ಇಸವಿ ಅಳಿಸಿಹೋಗಿತ್ತು.

ಇಸವಿ ಸಿಕ್ಕಿದ್ದು ಬೇರೆ ಕಡೆ. ಇನ್‌ಲ್ಯಾಂಡಿನ ಮೇಲೆ ಬೆಲೆ ನಯೆ ಪೈಸೆಯಲ್ಲಿತ್ತು. ನಯೆ ಪೈಸೆ ನಡೆದದ್ದು 1957ರಿಂದ 1964ರ ತನಕ. ಅಜ್ಜ ಒಂದು ಮೂಲೆಯಲ್ಲಿ 'ಶೋಭಕೃತ್ ಸಂ|| ವೈಶಾಖ' ಎಂದು ಬರೆದಿದ್ದರು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಮೊನ್ನೆಯ ಶೋಭಕೃತ್ 2023ರ ಯುಗಾದಿಗೆ ಬಂತು, ಅದಕ್ಕೆ ಹಿಂದಿನದು 1963. ಅಲ್ಲಿಗೆ ಖಾತ್ರಿಯಾಯಿತು, ಇವು 1963ರ ಏಪ್ರಿಲ್ ಕೊನೆ ಮತ್ತು ಮೇ ತಿಂಗಳ ಕಾಗದಗಳು. ನಿಮ್ಮ ಮನೆಯ ಕಾಗದಗಳಲ್ಲೂ ಸಂವತ್ಸರದ ಹೆಸರು ಇದೆಯಾ ನೋಡಿ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಸ್ಕ್ಯಾನರಿನಲ್ಲಿ ಒಂದು ನಷ್ಟವೂ ಆಯಿತು. 60 ವರ್ಷ ಮಡಚಿಕೊಂಡೇ ಇದ್ದ ಇನ್‌ಲ್ಯಾಂಡನ್ನು ಗಾಜಿನ ಮೇಲೆ ಇಟ್ಟು ಮುಚ್ಚಳ ಒತ್ತಿದೆ. ಮಡಿಕೆಯ ಉದ್ದಕ್ಕೂ ಎರಡು ಬೆರಳಷ್ಟು ಹರಿಯಿತು. ಆ ಚಿಕ್ಕ ಶಬ್ದ ಈಗಲೂ ಕಿವಿಯಲ್ಲಿದೆ. ಅಲ್ಲಿಗೆ ಉಳಿದವನ್ನು ನಿಲ್ಲಿಸಿದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಲಿಲ್ಲ. ಮನೆಯ ಹಳೆಯ ಜಾತಕವೊಂದಕ್ಕೆ ಯಾರೋ ಹಚ್ಚಿದ ಟೇಪು ಕಂದು ಕಲೆಯಾಗಿ ಅಕ್ಷರವನ್ನೇ ನುಂಗಿದ್ದನ್ನು ನೋಡಿದ್ದೇನೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಇನ್ನೊಂದು ವಿಷಯದಲ್ಲಿ ಫೋನೇ ಸ್ಕ್ಯಾನರನ್ನು ಗೆದ್ದಿತು. ಒಂದು ಇನ್‌ಲ್ಯಾಂಡಿನ ಮಡಿಕೆಯಲ್ಲಿ ಅಜ್ಜ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಉಜ್ಜಿ ಉಜ್ಜಿ ಮಾಸಿತ್ತು. ಸ್ಕ್ಯಾನಿನಲ್ಲಿ ಬರೀ ಬೂದು ಬಣ್ಣ. ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾಗದದ ಪಕ್ಕದಲ್ಲಿ ಮೇಜಿಗೆ ಸಮನಾಗಿ ಹಿಡಿದೆ. ಪೆನ್ಸಿಲ್ ಒತ್ತಿದ ಗುಳಿಗಳಿಗೆ ನೆರಳು ಬಿತ್ತು. ಅಕ್ಷರ ಎದ್ದು ಬಂತು: '1819 ಅಡಿ ಎನ್ನುತ್ತಾರೆ. ನಮ್ಮ ತುಳಸಿಕಟ್ಟೆ ಅದಕ್ಕೂ ಕೆಳಗೆ.' ಸಮುದ್ರ ಮಟ್ಟದಿಂದ 1819 ಅಡಿ, ಅದು ಲಿಂಗನಮಕ್ಕಿ ಪೂರ್ತಿ ತುಂಬಿದಾಗಿನ ನೀರಿನ ಮಟ್ಟ. ಈಗಲೂ ಮಳೆಗಾಲದಲ್ಲಿ ಪೇಪರಿನಲ್ಲಿ ಬರುವ ಸಂಖ್ಯೆ. ಅದನ್ನು ಅಜ್ಜ ತುಳಸಿಕಟ್ಟೆಯಿಂದ ಅಳೆದು ನೋಡಿದ್ದರು. ನಾನು ಎಷ್ಟೋ ಹೊತ್ತು ಟಾರ್ಚ್ ಹಿಡಿದೇ ಕೂತಿದ್ದೆ.

ಮೂರನೆಯದು ಕೈಯಲ್ಲಿ ನಕಲು ಮಾಡುವುದು. 200 ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಎಡಗಡೆ ಪುಟದಲ್ಲಿ ಕಾಗದ ಇದ್ದ ಹಾಗೇ, ಕಾಗುಣಿತದ ತಪ್ಪನ್ನೂ ತಿದ್ದದೆ. ಬಲಗಡೆ ನನ್ನ ಪ್ರಶ್ನೆಗಳು. ಒಂದು ಕಾಗದಕ್ಕೆ 40 ನಿಮಿಷ ಬೇಕು. ಟೈಪ್ ಮಾಡಿದರೆ ಬೇಗ ಮುಗಿಯುತ್ತಿತ್ತು, ಆದರೆ ಟೈಪ್ ಮಾಡುವಾಗ ಕಣ್ಣು ಓಡುತ್ತದೆ. ಬರೆಯುವಾಗ ಓಡುವುದಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಎಂಟನೇ ಕಾಗದದಲ್ಲಿ. ಮೊದಲ ಏಳರಲ್ಲಿ ಅತ್ತೆ 'ನಮ್ಮನೆ' ಎಂದು ಬರೆದಿದ್ದಾರೆ. ನಮ್ಮನೆ ಅಂಗಳ, ನಮ್ಮನೆ ಕೊಟ್ಟಿಗೆ, ನಮ್ಮನೆ ಬಾಳೆ. ಅಪ್ಪೆಮಿಡಿ ತಂದು ಉಪ್ಪಿಗೆ ಹಾಕಿದ್ದು, ಅಂಗಳದ ತುಂಬ ಹಲಸಿನ ಹಪ್ಪಳ ಒಣಗಿಸಿ ಕಾಗೆ ಕಾದದ್ದು, ಎಲ್ಲ ಅಲ್ಲೇ. ಎಂಟನೆಯದರಲ್ಲಿ ಅಳತೆಯವರು ಬರುತ್ತಾರೆ. ತೋಟದ ಅಡಿಕೆ ಮರ ಎಣಿಸಿ, ಮನೆಯ ಕಂಬಗಳಿಗೆ ಬಣ್ಣದಲ್ಲಿ ನಂಬರ್ ಬರೆದು ಹೋಗುತ್ತಾರೆ. ಅಲ್ಲಿಂದ ಮುಂದೆ 'ನಮ್ಮನೆ' ಎಂಬ ಮಾತೇ ಇಲ್ಲ. 'ಈ ಮನೆ' ಎಂದಾಗಿದೆ. ಈ ಮನೆಯ ಹಂಚು, ಈ ಮನೆಯ ಬಾವಿ. ಫೋನಿನಲ್ಲಿ ಮೂರು ಸಲ ಓದಿದ್ದೆ, ಗೊತ್ತೇ ಆಗಿರಲಿಲ್ಲ. ನನ್ನ ಕೈ ತಾನಾಗಿ 'ನಮ್ಮನೆ' ಎಂದು ಬರೆದು, ಕಾಗದ ನೋಡಿ ಹೊಡೆದುಹಾಕಬೇಕಾಗಿ ಬಂದಾಗ ಗೊತ್ತಾಯಿತು.

ನಕಲಿಗೂ ಒಂದು ಮಿತಿ ಇದೆ. ಅಕ್ಷರ ಸರಿಯಾಗಿ ಬರೆದುಕೊಂಡೂ ಅರ್ಥ ತಪ್ಪಬಹುದು. ಹನ್ನೊಂದನೇ ಕಾಗದದಲ್ಲಿ ಹೀಗಿದೆ: 'ಗೌರಿಯನ್ನು ಹೊಸನಗರದ ಕಡೆಯವರಿಗೆ ಕೊಟ್ಟಾಯಿತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.' ನಾನು ವಂಶವೃಕ್ಷದಲ್ಲಿ ಗೌರಿ ಎಂದು ಬರೆದು, ಪಕ್ಕದಲ್ಲಿ ಮದುವೆ 1963, ಹೊಸನಗರ ಎಂದು ಹಾಕಿದೆ. ಯಾರೂ ಹೇಳದ ಒಬ್ಬ ಅತ್ತೆ ನಮಗಿದ್ದರೇ ಎಂದು ತಿಂಗಳುಗಟ್ಟಲೆ ಯೋಚಿಸಿದೆ. ನೆಂಟರಲ್ಲಿ ಇಬ್ಬರನ್ನು ಕೇಳಿಯೂ ನೋಡಿದೆ.

ಹಾಗಾಗಿ ನಾಲ್ಕನೆಯ ದಾರಿ. ಕಾಗದ ತೆಗೆದುಕೊಂಡು ಸಾಗರಕ್ಕೆ ಹೋಗಿ ಅತ್ತೆಯ ಎದುರು ಕೂತು ಓದುವುದು. ಅತ್ತೆಗೆ ಈಗ 75 ದಾಟಿದೆ. ಸಣ್ಣ ಅಕ್ಷರ ಕಾಣುವುದಿಲ್ಲ. ಕಿವಿ ಚುರುಕು. ಅವರನ್ನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಹಾಕಿದೆ. ಫೋನನ್ನು ಮಡಚಿದ ಟವೆಲ್ ಮೇಲೆ ಇಟ್ಟು, ಫ್ಯಾನ್ ನಿಲ್ಲಿಸಿದರೆ ಮಾತು ಸ್ಪಷ್ಟ ಬರುತ್ತದೆ. ಮೊದಲ ದಿನ ನಾನು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಿದ್ದೆ, ಒಂದಕ್ಕೂ ಎರಡು ಮಾತಿಗಿಂತ ಜಾಸ್ತಿ ಉತ್ತರ ಬರಲಿಲ್ಲ. ಎರಡನೇ ದಿನ ಸುಮ್ನೆ ಒಂದು ಕಾಗದ ಓದಿ ಬಾಯಿ ಮುಚ್ಚಿ ಕೂತೆ. ಆಗ ಮಾತು ಬಂತು.

ಗೌರಿಯ ಸಾಲು ಓದಿದಾಗ ಅತ್ತೆ ನನ್ನ ಕೈ ಹಿಡಿದರು. "ಗೌರಿ ಅಂದ್ರೆ ನಮ್ಮನೆ ದನ ಅಲ್ದನಾ ತಮಾ." ಹೊಸ ಜಾಗದಲ್ಲಿ ಬ್ಯಾಣ (ಹುಲ್ಲುಗಾವಲು) ಇಲ್ಲ, ದನ ಮೇಯಿಸುವುದೆಲ್ಲಿ? ಹಾಗಾಗಿ ನಾಲ್ಕು ದನಗಳನ್ನೂ ಕೊಟ್ಟರಂತೆ. ಗೌರಿ ಕೊನೆಯದು. ಕರೆದುಕೊಂಡು ಹೋಗುವವರು ಹಗ್ಗ ಬಿಚ್ಚಿದಾಗ ಅದು ಕೊಟ್ಟಿಗೆಯ ಕಂಬಕ್ಕೆ ಮೈ ಉಜ್ಜುತ್ತ ನಿಂತೇ ಇತ್ತಂತೆ. ಆ ಕಂಬ ಈಗಲೂ ಇದೆ ಎಂದರು ಅತ್ತೆ. ಹಳೇ ಮನೆ ಬಿಚ್ಚಿ ಕಂಬ, ಬಾಗಿಲು, ಹಂಚು ಎಲ್ಲವನ್ನೂ ಗಾಡಿಯಲ್ಲಿ ತಂದು ಹೊಸ ಮನೆಗೆ ಹಾಕಿದ್ದರು. ನಾನು ಎಷ್ಟೋ ಬೇಸಿಗೆ ರಜೆಯಲ್ಲಿ ಆಡಿದ ಕೊಟ್ಟಿಗೆ ಅದು. ಚಿಕ್ಕಪ್ಪನ ಮಗನ ಜೊತೆ ಹೋಗಿ ನೋಡಿದೆ. ಆಳೆತ್ತರದಲ್ಲಿ ಮರದ ಸೀಳಿನ ಒಳಗೆ ಮಾಸಿದ ಕೆಂಪು ಬಣ್ಣ. ಬೆರಳಾಡಿಸಿದರೆ 7 ಎಂದು ತಿಳಿಯುತ್ತದೆ.

ಅತ್ತೆಯ ನೆನಪೇ ಎಲ್ಲ ಕಡೆ ಸರಿ ಎಂದೂ ಅಲ್ಲ. ಆ ರಜೆಯಲ್ಲಿ, ಶರಾವತಿ ದಾಟುವ ಜಾಗವಾದ ಹೊಳೆಬಾಗಿಲಿನಲ್ಲಿ ಲಾಂಚ್ (ಎಂಜಿನ್ ದೋಣಿ) ಹತ್ತಿ ಊರಿಗೆ ಹೋದೆವು ಎಂದರು. ಕಾಗದದಲ್ಲಿ ಹೊಳೆ ದಾಟಿದ್ದು ದೋಣಿಯಲ್ಲಿ. ಕಾಗದವೇ ಸರಿ. ಲಾಂಚ್ ಬಂದದ್ದು ಹಿನ್ನೀರು ತುಂಬಿದ ಮೇಲೆ. ಆಮೇಲೆ ಎಷ್ಟೋ ವರ್ಷ ಲಾಂಚಿನಲ್ಲೇ ಓಡಾಡಿದವರಿಗೆ ಹಿಂದಿನ ದೋಣಿ ಮರೆತದ್ದು ಸಹಜ. ಈಗಂತೂ ಅಲ್ಲಿ ಸೇತುವೆಯೇ ಆಗಿದೆ, 2025ರ ಜುಲೈಯಲ್ಲಿ ತೆರೆಯಿತು. ಕಾಗದ ಓದುತ್ತ ನೆನಪು ಕೇಳಿದರೆ ಎರಡೂ ಒಂದನ್ನೊಂದು ತಿದ್ದುತ್ತವೆ. ಬರೀ ನೆನಪು ರೆಕಾರ್ಡ್ ಮಾಡಿದ್ದರೆ ನಾನೂ ಲಾಂಚ್ ಎಂದೇ ಬರೆದಿಡುತ್ತಿದ್ದೆ.

ಈ ನಾಲ್ಕರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಅತ್ತೆಯ ಎದುರು ಕೂರುವುದನ್ನೇ ಆರಿಸುತ್ತೇನೆ, ಅದೂ ಇವತ್ತೇ. ಫೋನು, ಸ್ಕ್ಯಾನರ್, ನೋಟ್‌ಬುಕ್ಕು ಮುಂದಿನ ವರ್ಷವೂ ಸಿಗುತ್ತವೆ. ಆದರೆ ಹೋಗುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಡಿ, ಬಸ್ಸಿನಲ್ಲಿ ಕಾಗದ ಕಳೆಯಬಹುದು. ನಕಲೂ ಮಾಡಿಕೊಂಡು ಹೋಗಿ. ಬಲಗಡೆಯ ಪುಟದ ಪ್ರಶ್ನೆಗಳಿಲ್ಲದಿದ್ದರೆ ಗೌರಿಯ ಸಾಲಿನಲ್ಲಿ ನಾನು ನಿಲ್ಲುತ್ತಲೇ ಇರಲಿಲ್ಲ. ಸ್ಕ್ಯಾನರ್ ಕೊನೆಗೆ ಸಾಕು, ಮಡಿಕೆ ಇಲ್ಲದ ಗಟ್ಟಿ ಕಾರ್ಡುಗಳಿಗೆ ಮಾತ್ರ. ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮತ್ತೆ ಒಗೆದ ಹತ್ತಿ ಬಟ್ಟೆಯಲ್ಲೇ ಕಟ್ಟಿಟ್ಟಿದ್ದೇನೆ. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನೊಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಅಪ್ಪನ ಪಂಚೆಯ ತುಂಡು 60 ವರ್ಷ ಕಾಪಾಡಿದೆ.

'ಈ ಮನೆ' ಎಂದು ಬರೆದ ಸಾಲುಗಳನ್ನು ಅತ್ತೆಗೆ ಓದಿ ತೋರಿಸಿದೆ. ತಾವು ಹಾಗೆ ಬರೆದದ್ದು ಅವರಿಗೇ ಗೊತ್ತಿರಲಿಲ್ಲ. ಇನ್ನೊಮ್ಮೆ ಓದು ಎಂದರು, ಓದಿದೆ. ಕೊನೆಯ ಎರಡು ಕಾರ್ಡು ಇವತ್ತು ಬೇಡ ಎಂದರು. ರೆಕಾರ್ಡ್ ನಿಲ್ಲಿಸಿದೆ. ಮೇ ತಿಂಗಳಲ್ಲಿ ಬಾ ಎಂದಿದ್ದಾರೆ. ನೀರು ತೀರಾ ಇಳಿದ ವರ್ಷಗಳಲ್ಲಿ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಈ ಸಲ ಅಷ್ಟು ಇಳಿದರೆ ನಮ್ಮ ಊರಿನ ಕಡೆಯ ದಂಡೆಗೂ ಹೋಗಿ ಬರೋಣ, ಆ ಎರಡು ಕಾರ್ಡನ್ನು ಅಲ್ಲೇ ಓದು ಎಂದರು.