ತೊಟ್ಟಿಲು, ಜೋಲಿ, ಕೌದಿ: ಮೂರರಲ್ಲೂ ಮಗಳನ್ನು ಮಲಗಿಸಿ ನೋಡಿದ ಮೇಲೆ

ಮಗಳಿಗೆ ಮೊನ್ನೆ ಏಳು ತಿಂಗಳು ತುಂಬಿತು. ಇಷ್ಟರಲ್ಲಿ ಅವಳು ಮೂರು ಕಡೆ ಮಲಗಿ ಎದ್ದಿದ್ದಾಳೆ. ಕಲಘಟಗಿ ತೊಟ್ಟಿಲಲ್ಲಿ, ಅವ್ವನ ಹಳೇ ಸೀರೆಯ ಜೋಲಿಯಲ್ಲಿ, ಆಯಿ, ಅಂದರೆ ಅವ್ವನ ಅವ್ವ, ಹೊಲಿದ ಕೌದಿಯ ಮೇಲೆ.

ಬಸುರಿಯಾಗಿದ್ದಾಗ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಸಿಕ್ಕವರನ್ನೆಲ್ಲ ಕೇಳಿದ್ದೆ. ಅವರವರ ಮನೆಯಲ್ಲಿ ಇದ್ದದ್ದನ್ನೇ ಅವರವರು ಹೊಗಳಿದರು. ಹಾಗಾಗಿ ಬಾಣಂತನಕ್ಕೆ ಧಾರವಾಡಕ್ಕೆ ಹೋದಾಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಷ್ಟೊತ್ತಿಗೆ ಹಾಲು ಕುಡಿದಳು, ಎಲ್ಲಿ ಮಲಗಿದಳು, ಎಷ್ಟು ಹೊತ್ತು ಮಲಗಿದಳು, ಎದ್ದ ಮೇಲೆ ಏನು ಮಾಡಿದಳು. ಎಲ್ಲ ದಿನವೂ ಬರೆಯಲು ಆಗಲಿಲ್ಲ. ಬರೆದಷ್ಟರಿಂದಲೇ ನಾನು ಅಂದುಕೊಂಡಿದ್ದು ಬಹಳಷ್ಟು ಬದಲಾಯಿತು.

ಮೊದಲು ಬಂದದ್ದು ತೊಟ್ಟಿಲು. ಕಲಘಟಗಿ ತೊಟ್ಟಿಲು ಎಂದರೆ ನಮ್ಮ ಕಡೆ ಬೇರೆ ವಿವರಣೆ ಬೇಕಿಲ್ಲ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಆಟಗಳ ಚಿತ್ರ. ಬಣ್ಣ ಹೊಳೆಯಲು ಕೇದಗೆ ಎಲೆಯಿಂದ ತಿಕ್ಕುತ್ತಾರೆ. ನಮ್ಮದು ಆಯಿಯ ಕಾಲದ್ದು. ಅವ್ವ, ಇಬ್ಬರು ಸೋದರಮಾವಂದಿರು, ನಾನು, ತಂಗಿ ಎಲ್ಲರೂ ಅದರಲ್ಲೇ ಮಲಗಿದವರು. ಹದಿಮೂರನೇ ದಿನ ಪಡಸಾಲೆಯ ತೊಲೆಗೆ ತೂಗುಹಾಕಿದರು. ನಾದಿನಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಿದರು.

ಶಾಸ್ತ್ರ ಮುಗಿದ ಮೇಲೆ ಉಳಿಯುವುದು ದಿನನಿತ್ಯದ ಕೆಲಸ. ಅದರಲ್ಲಿ ತೊಟ್ಟಿಲಿನ ದೊಡ್ಡ ಗುಣ ಅದರ ಎತ್ತರ. ನನಗೆ ಸಿಸೇರಿಯನ್ ಆಗಿತ್ತು. ನೆಲದಿಂದ ಕೂಸನ್ನು ಎತ್ತುವುದಿರಲಿ, ನೆಲದ ಮೇಲೆ ಕೂತು ಏಳುವುದೇ ಕಷ್ಟವಿತ್ತು. ತೊಟ್ಟಿಲಾದರೆ ಬಗ್ಗಬೇಕಿಲ್ಲ. ಎರಡನೇ ಗುಣ ಅದರ ತಳ. ಅದು ಸಪಾಟು. ತೆಳು ಹತ್ತಿ ಗಾದಿ ಹಾಸಿ, ದಿಂಬಿಲ್ಲದೆ ಅಂಗಾತ ಮಲಗಿಸಿದರೆ ಡಾಕ್ಟರು ಹೇಳಿದ ರೀತಿಯೇ ಆಯಿತು. ಸೊಳ್ಳೆ ಪರದೆ ಹೊದಿಸುವುದೂ ಸುಲಭ. ಅವ್ವ ಅದಕ್ಕೊಂದು ಹಗ್ಗ ಕಟ್ಟಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಲೇ ತೂಗುತ್ತಿದ್ದಳು.

ಕಷ್ಟವೂ ಇತ್ತು. ಮಗಳು ತೊಟ್ಟಿಲಲ್ಲಿ ಬೇಗ ಎಚ್ಚರಾಗುತ್ತಿದ್ದಳು. ಮೂವತ್ತು ನಿಮಿಷ, ನಲವತ್ತು ನಿಮಿಷ, ಅಷ್ಟೇ. ಒಮ್ಮೆಲೇ ಎರಡೂ ಕೈ ಚಾಚಿ ಬೆಚ್ಚಿಬೀಳುವಳು, ಆಮೇಲೆ ಅಳು. ಅದು ರೋಗವಲ್ಲ. ಹುಟ್ಟಿದ ಎಲ್ಲ ಕೂಸುಗಳಿಗೂ ಈ ಬೆಚ್ಚು ಇರುತ್ತದೆ, ನಾಲ್ಕೈದು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಹಗಲಿಗೆ ಏಳೆಂಟು ಸಲ ಹೀಗೆ ಎದ್ದರೆ ಬಾಣಂತಿಗೆ ನಿದ್ದೆ ಎಲ್ಲಿಂದ ಬರಬೇಕು?

ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನ ಜೋಲಿ ಬಂತು. ಸಂಜೆಗೆ ಮೈ ಬಿಸಿಯಾಯಿತು, ತೊಡೆ ಮುಟ್ಟಿದರೆ ಚೀರುತ್ತಿದ್ದಳು. ಡಾಕ್ಟರು ಬರೆದುಕೊಟ್ಟ ಜ್ವರದ ಹನಿ ಹಾಕಿದ್ದೆವು. ಹಾಲು ಒಲ್ಲಳು, ತೊಟ್ಟಿಲು ಒಲ್ಲಳು. ಆಯಿ ಎದ್ದು ಅವ್ವನ ಮೆತ್ತನೆಯ ಇಳಕಲ್ ಸೀರೆ ತಂದು ತೊಲೆಗೆ ಕಟ್ಟಿದಳು. ನಾನು ಬೇಡ ಅಂದೆ. "ಸುಮ್ನ ಕೂಡ್ರವ್ವಾ, ನೀನೂ ಜೋಲ್ಯಾಗ ಬೆಳದಾಕಿನ" ಅಂದಳು. ಹತ್ತು ನಿಮಿಷದಲ್ಲಿ ಕೂಸು ಮಲಗಿತು. ಎರಡು ಗಂಟೆ ಏಳಲಿಲ್ಲ. ಅವತ್ತು ನಾನು ಆಯಿಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಆಮೇಲೆ ಎರಡು ವಾರ ಹಗಲೆಲ್ಲ ಜೋಲಿಯೇ. ಜೋಲಿಯಲ್ಲಿ ಸೀರೆ ಎರಡೂ ಕಡೆಯಿಂದ ತಬ್ಬಿಕೊಳ್ಳುತ್ತದೆ. ಕೈ ಚಾಚಲು ಜಾಗವಿಲ್ಲ, ಹಾಗಾಗಿ ಬೆಚ್ಚಿದರೂ ಎಚ್ಚರಾಗುವುದಿಲ್ಲ. ಹೊಟ್ಟೆಯಲ್ಲಿದ್ದ ಹಾಗೆ ಅನ್ನಿಸುತ್ತದೇನೋ. ಒಂದೂವರೆ ಗಂಟೆ, ಎರಡು ಗಂಟೆ ಮಲಗುವಳು. ಮನೆಯಲ್ಲಿ ಎಲ್ಲರ ಮುಖದಲ್ಲೂ ಕಳೆ ಬಂತು.

ಆದರೆ ನೋಟ್‌ಬುಕ್ ಬೇರೆ ಮಾತು ಹೇಳಿತು. ಮೂರು ತಿಂಗಳ ತನಕ ಕೂಸುಗಳಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮವಳ ಲೆಕ್ಕ ತೊಟ್ಟಿಲಿನ ವಾರದಲ್ಲೂ ಹೆಚ್ಚುಕಡಿಮೆ ಹದಿನೈದು, ಜೋಲಿಯ ವಾರದಲ್ಲೂ ಹದಿನೈದೇ. ಹಗಲಿನ ನಿದ್ದೆ ಉದ್ದವಾದಷ್ಟು ರಾತ್ರಿಯದು ತುಂಡಾಗಿತ್ತು. ರಾತ್ರಿ ಒಂದು ಗಂಟೆಗೆ ಕಣ್ಣು ಬಿಟ್ಟವಳು ಮೂರರವರೆಗೂ ಆಡುವಳು. ಜೋಲಿ ನಿದ್ದೆಯನ್ನು ಹೆಚ್ಚಿಸಲಿಲ್ಲ, ಅತ್ತಿಂದಿತ್ತ ಸರಿಸಿತು ಅಷ್ಟೇ.

ಇನ್ನೊಂದು ವಿಷಯವನ್ನು ನಾನು ಗಟ್ಟಿಯಾಗಿ ಹೇಳಲೇಬೇಕು. ಒಂದು ಮಧ್ಯಾಹ್ನ ಜೋಲಿಯಿಂದ ಗೊರ ಗೊರ ಸದ್ದು ಬಂತು. ಸೀರೆ ಸರಿಸಿ ನೋಡಿದರೆ ಅವಳ ಗದ್ದ ಎದೆಗೆ ಒತ್ತಿಕೊಂಡಿತ್ತು. ಬೆನ್ನು ಬಾಗಿ, ತಲೆ ಮುಂದಕ್ಕೆ ಬಿದ್ದಿತ್ತು. ಎತ್ತಿಕೊಂಡ ಕೂಡಲೇ ಉಸಿರು ಸರಿಯಾಯಿತು. ನನ್ನ ಕೈ ನಡುಗುವುದು ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ. ಸಣ್ಣ ಕೂಸಿನ ಕುತ್ತಿಗೆಗೆ ತಲೆಯನ್ನು ತಡೆದು ಹಿಡಿಯುವ ಶಕ್ತಿ ಇರುವುದಿಲ್ಲ. ಗದ್ದ ಎದೆಗೆ ಸೇರಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಅಮೆರಿಕದಲ್ಲಿರುವ ನಾದಿನಿಗೆ ಇದನ್ನು ಹೇಳಿದಾಗ, ಅಲ್ಲಿ 2022ರಲ್ಲಿ ಕಾನೂನು ಮಾಡಿ, ಕೂಸುಗಳಿಗೆಂದು ಮಾರುವ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿನ ಹಾಸಿಗೆಗಳನ್ನು ನಿಷೇಧಿಸಿದ್ದಾರೆ ಎಂದಳು. ನಮ್ಮ ಜೋಲಿಯ ಇಳಿಜಾರು ಅದಕ್ಕಿಂತ ಎಷ್ಟೋ ಹೆಚ್ಚು.

ಅವತ್ತಿನಿಂದ ರಾತ್ರಿ ಜೋಲಿ ಪೂರ್ತಿ ಬಂದ್. ಹಗಲಲ್ಲಿ ಕೂಡ ಯಾರಾದರೂ ಎಚ್ಚರವಿದ್ದು ಪಕ್ಕದಲ್ಲೇ ಕೂತಿದ್ದರೆ ಮಾತ್ರ. ನಿದ್ದೆ ಹತ್ತಿದ ಮೇಲೆ ಎತ್ತಿ ಸಪಾಟು ಜಾಗಕ್ಕೆ ಮಲಗಿಸುವುದು. ಹಾಗೆ ಎತ್ತುವಾಗ ಅರ್ಧಕ್ಕರ್ಧ ಸಲ ಎದ್ದುಬಿಡುತ್ತಿದ್ದಳು. ಏಳಲಿ ಬಿಡು ಅಂದುಕೊಂಡೆ. ಆಯಿಗೆ ಸ್ವಲ್ಪ ಬೇಸರವಾಯಿತು. ಆದರೆ ಆ ಮಧ್ಯಾಹ್ನದ ಸದ್ದನ್ನು ಅವಳೂ ಕೇಳಿದ್ದಳು, ಎದುರು ಮಾತಾಡಲಿಲ್ಲ.

ಇನ್ನು ಕೌದಿ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದದ್ದು. ಗಾದಿಯ ಹಾಗೆ ಕುಸಿಯುವುದಿಲ್ಲ, ಬರೀ ನೆಲದ ಹಾಗೆ ಚುಚ್ಚುವುದಿಲ್ಲ, ಒದ್ದೆಯಾದರೆ ಒಗೆದು ಹಾಕಬಹುದು. ನಿದ್ದೆಯ ವಿಷಯದಲ್ಲಿ ಮೊದಲ ಎರಡು ತಿಂಗಳು ಕೌದಿ ಮೂರರಲ್ಲಿ ಕೊನೆಯದು. ತೂಗಲು ಬರುವುದಿಲ್ಲ, ನನ್ನ ಸಿಸೇರಿಯನ್ ಹೊಲಿಗೆಗೆ ಕಷ್ಟ, ಮಳೆಗಾಲದ ನೆಲ ಬೇರೆ ತಣ್ಣಗೆ.

ಒಂದು ಹೊತ್ತು ಮಾತ್ರ ಮೂರೂ ಒಂದೇ. ಅದು ಎರೆದ ಮೇಲಿನ ನಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಆಯಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರನ್ನು ಹದ ಮಾಡಿ ಎರೆಯುತ್ತಿದ್ದಳು. ಒರೆಸಿ, ಹಾಲು ಕುಡಿಸಿ ಎಲ್ಲಿ ಮಲಗಿಸಿದರೂ ಎರಡು ಗಂಟೆ ಗಡದ್ದು ನಿದ್ದೆ. ತೊಟ್ಟಿಲಾದರೂ ಸರಿ, ಕೌದಿಯಾದರೂ ಸರಿ. "ನಮ್ಮ ಜೋಲಿಯಲ್ಲಿ ಎಷ್ಟು ಚೆನ್ನಾಗಿ ಮಲಗುತ್ತೆ ನೋಡಿ" ಎಂದು ಯಾರಾದರೂ ಹೇಳಿದರೆ, ಎಷ್ಟೊತ್ತಿಗೆ ಎಂದು ಈಗ ನಾನು ಕೇಳುತ್ತೇನೆ. ಆ ಹೊತ್ತಿನ ನಿದ್ದೆ ನೀರಿನದು, ಜೋಲಿಯದಲ್ಲ.

ಕೌದಿಯ ನಿಜವಾದ ಕೆಲಸ ಎಚ್ಚರವಿರುವ ಹೊತ್ತಿನದು. ಅದು ನನಗೆ ಗೊತ್ತಾದದ್ದು ತಡವಾಗಿ. ಎರಡೂವರೆ ತಿಂಗಳಿಗೆ ಅವಳ ತಲೆಯ ಹಿಂದೆ ಬಲಗಡೆ ಸ್ವಲ್ಪ ಚಪ್ಪಟೆಯಾಗಿರುವುದನ್ನು ನೋಡಿದೆ. ಅವಳು ಯಾವಾಗಲೂ ಒಂದೇ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಪಕ್ಕದ ಮನೆಯವರು ಸಾಸಿವೆ ದಿಂಬು ಕೊಡಲು ಬಂದರು. ಡಾಕ್ಟರು ದಿಂಬು ಬೇಡ, ಮಲಗಿಸುವಾಗ ಮುಖ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮಾಡಿ, ಎಚ್ಚರವಿದ್ದಾಗ ಬೋರಲು ಹಾಕಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಇನ್ನೂ ಓಡಾಡದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಬಿಡಬೇಕು, ಅಲ್ಲಾಡಲು ಬಿಡದಂಥ ಜಾಗದಲ್ಲಿ ಒಂದೇ ಸಮ ಒಂದು ಗಂಟೆಗಿಂತ ಹೆಚ್ಚು ಇಡಬಾರದು.

ಮೊದಲ ದಿನ ಒಂದು ನಿಮಿಷ ಕೂಡ ತಡೆಯಲಿಲ್ಲ. ಮೂಗು ಕೌದಿಗೆ ಒತ್ತಿ ಅತ್ತಳು. ನಾನೂ ಎದುರಿಗೆ ಬೋರಲು ಮಲಗಿ ಚನ್ನಪಟ್ಟಣದ ಗಿಲಕಿ ಅಲ್ಲಾಡಿಸಿದೆ. ಎರಡು ನಿಮಿಷ, ಮೂರು ನಿಮಿಷ, ಹೀಗೆ ದಿನಕ್ಕೆ ಆರೇಳು ಸಲ. ಹಾಲು ಕುಡಿದ ಕೂಡಲೇ ಹಾಕಿದರೆ ಕಕ್ಕುತ್ತಿದ್ದಳು, ಹಾಗಾಗಿ ಅರ್ಧ ಗಂಟೆ ಬಿಟ್ಟು ಹಾಕುವುದನ್ನು ರೂಢಿ ಮಾಡಿದೆವು. ಮೂರು ತಿಂಗಳಿಗೆ ತಲೆ ಎತ್ತಿ ನನ್ನ ಮುಖ ನೋಡಿದಳು. ನಾಲ್ಕಕ್ಕೆ ಮೊಣಕೈ ಊರಿ ಎದೆ ಎತ್ತಿದಳು. ನಾಲ್ಕೂವರೆಗೆ ಒಂದು ಸಂಜೆ ಬೋರಲಿಂದ ಅಂಗಾತ ಮಗುಚಿಬಿಟ್ಟಳು, ತಾನೇ ಬೆರಗಾದವಳ ಹಾಗೆ ಕಣ್ಣು ಬಿಟ್ಟುಕೊಂಡಳು. ಆಶಾ ಅಕ್ಕ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಚಿತ್ರಗಳನ್ನು ತೋರಿಸಿ, ಎಲ್ಲ ಹೊತ್ತಿಗೆ ಸರಿಯಾಗಿ ನಡೀತಿದೆ ಎಂದಾಗ ನನಗೆ ಎಷ್ಟು ಸಮಾಧಾನವಾಯಿತು! ತಲೆಯೂ ನಿಧಾನಕ್ಕೆ ಗುಂಡಗಾಗುತ್ತಾ ಬಂತು.

ಇದರಲ್ಲಿ ಯಾವುದೂ ಜೋಲಿಯಲ್ಲಿ ಆಗುವಂಥದ್ದಲ್ಲ. ಅಲ್ಲಿ ಕೂಸು ತಿರುಗಲಾರದು, ಕಾಲು ಒದೆಯಲಾರದು, ಬಟ್ಟೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಜೋಲಿ ಮಾಡುವ ಒಳ್ಳೆಯ ಕೆಲಸ ಬೆಚ್ಚನ್ನು ತಡೆಯುವುದು. ಬೆಚ್ಚು ತಾನೇ ಕಡಿಮೆಯಾದ ಮೇಲೆ ಆ ಕೆಲಸವೂ ಉಳಿಯಲಿಲ್ಲ. ನಾಲ್ಕೂವರೆ ತಿಂಗಳಿಗೆ ಕೌದಿಯ ಮೇಲೂ ಒಂದು ಗಂಟೆ ಮಲಗತೊಡಗಿದಳು.

ಐದನೇ ತಿಂಗಳಿಗೆ ಬೆಂಗಳೂರಿಗೆ ಬಂದೆವು. ಬಾಡಿಗೆ ಮನೆ, ಸೀಲಿಂಗಿನಲ್ಲಿ ಕೊಂಡಿ ಇಲ್ಲ. ಯಾರೋ ಪ್ರೀತಿಯಿಂದ ಬ್ಯಾಟರಿಯ ಜೋಲಿ ಸ್ಟ್ಯಾಂಡ್ ಕೊಟ್ಟರು. ನಾಲ್ಕು ದಿನ ನೋಡಿದೆವು. ಮಲಗಿಸುವುದೇನೋ ಮಲಗಿಸುತ್ತದೆ, ಆದರೆ ಇಳಿಜಾರು ಅದೇ, ಮೇಲಾಗಿ ಅದು ತಾನೇ ತೂಗುತ್ತದೆ ಎಂದು ದೊಡ್ಡವರು ಎದ್ದು ಹೋಗುವ ಅಭ್ಯಾಸವಾಗುತ್ತದೆ. ಮಡಚಿ ಇಟ್ಟೆವು.

ತೊಟ್ಟಿಲಿಗೂ ಅಷ್ಟರಲ್ಲಿ ವಿದಾಯ ಹೇಳಿದ್ದೆವು. ಮಗುಚಲು ಕಲಿತ ಕೂಸಿಗೆ ತೊಟ್ಟಿಲು ಬೇಡ. ಅಂಚು ಹಿಡಿದು ಏಳಲು ಹೋದರೆ ತೂಗುವ ತೊಟ್ಟಿಲು ವಾಲುತ್ತದೆ. ಈಗ ರಾತ್ರಿ ನನ್ನ ಪಕ್ಕದಲ್ಲೇ ನೆಲದ ಮೇಲೆ ಅವಳಿಗೆ ಪ್ರತ್ಯೇಕ ಗಟ್ಟಿ ಹಾಸಿಗೆ, ಹಗಲು ಕೌದಿ.

ನನ್ನನ್ನು ಕೇಳಿದರೆ, ಮೊದಲ ಮೂರು ನಾಲ್ಕು ತಿಂಗಳು ರಾತ್ರಿಗೂ ಹಗಲಿಗೂ ತೊಟ್ಟಿಲು. ಸಿಸೇರಿಯನ್ ಆದವರಿಗಂತೂ ಖಂಡಿತ. ಜೋಲಿ ಚುಚ್ಚುಮದ್ದಿನ ದಿನಕ್ಕೆ, ಯಾವುದಕ್ಕೂ ಸಮಾಧಾನವಾಗದ ಸಂಜೆಗೆ, ಅದೂ ಕಣ್ಣೆದುರಿಗೆ. ಎಚ್ಚರವಿದ್ದಾಗ ಬೋರಲು ಹಾಕಲು ಕೌದಿ ಮೊದಲ ವಾರದಿಂದಲೇ, ದಿನಕ್ಕೆ ಒಂದೊಂದು ನಿಮಿಷವಾದರೂ. ನಾನು ಎರಡೂವರೆ ತಿಂಗಳು ಕಾದೆ. ಕಾಯಬಾರದಿತ್ತು.

ಮುಂದಿನ ತಿಂಗಳು ತಂಗಿಗೆ ಹೆರಿಗೆ. ತೊಟ್ಟಿಲು ಮತ್ತೆ ಅಟ್ಟದಿಂದ ಇಳಿದಿದೆ. ಹಳೇ ಹಗ್ಗ ಬಿಚ್ಚಿ ಹೊಸದು ಹಾಕಿಸಿ, ಕೊಂಡಿಗಳನ್ನು ಜಗ್ಗಿ ನೋಡಿ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದ್ದೇನೆ. ತಂಗಿ ನನ್ನ ಕೌದಿಯನ್ನೂ ಕೇಳಿದಳು. ಅದನ್ನು ಕೊಡಲು ಮನಸ್ಸಾಗಲಿಲ್ಲ, ಮಗಳು ಈಗ ಅದರ ಮೇಲೆಯೇ ತೆವಳಲು ನೋಡುತ್ತಿದ್ದಾಳೆ. ನನ್ನ ಎರಡು ಹಳೇ ಕಾಟನ್ ಸೀರೆಗಳನ್ನು ಧಾರವಾಡಕ್ಕೆ ಕಳಿಸಿದೆ. ಆಯಿ ಹೊಲಿಗೆ ಶುರು ಮಾಡಿದ್ದಾಳಂತೆ.