ನಕ್ಷತ್ರಗಳ ಬಣ್ಣವನ್ನು ಆಮೇಲೆ ಸರಿಮಾಡಬಹುದೆಂದು ನಂಬಿ ಕೆಟ್ಟೆ

ನ್ಯಾರೋಬ್ಯಾಂಡ್ ಫಿಲ್ಟರ್‌ಗಳಲ್ಲಿ, ಎಂದರೆ ಬೆಳಕಿನ ತೀರಾ ಕಿರಿದಾದ ಪಟ್ಟಿಯನ್ನಷ್ಟೇ ಒಳಬಿಡುವ ಗಾಜುಗಳಲ್ಲಿ, ನೀಹಾರಿಕೆಯ ಚಿತ್ರ ತೆಗೆಯಲು ಹೊರಟಿರುವವರು, ನಕ್ಷತ್ರಗಳ ಬಣ್ಣವನ್ನು ಆಮೇಲೆ ಕಂಪ್ಯೂಟರ್ ಮುಂದೆ ಕೂತು ಸರಿಮಾಡಿಕೊಂಡರಾಯಿತು ಎಂದುಕೊಂಡಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ಹಾಗೆಂದುಕೊಂಡೇ ನಾನು ಹನ್ನೊಂದು ರಾತ್ರಿಗಳ ದುಡಿಮೆಯನ್ನು ಕಳೆದುಕೊಂಡೆ.

ಬೆಂಗಳೂರಿನ ನಮ್ಮ ತಾರಸಿಯಿಂದ ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಸುಲಭವಾಗಿ ಎಣಿಸಿ ಮುಗಿಸಬಹುದು. ಇಂಥ ಆಕಾಶದಲ್ಲಿ ನ್ಯಾರೋಬ್ಯಾಂಡ್ ನಿಜಕ್ಕೂ ವರವೇ, ಜಲಜನಕದ 656.3, ಆಮ್ಲಜನಕದ 500.7, ಗಂಧಕದ 671.6 ಮತ್ತು 673.1 ನ್ಯಾನೋಮೀಟರ್ ತರಂಗಾಂತರದ ರೋಹಿತ ಗೆರೆಗಳ ಆಸುಪಾಸಿನ ಬೆಳಕನ್ನಷ್ಟೇ ಒಳಬಿಟ್ಟು, ಬೀದಿದೀಪಗಳ ಬೆಳಕಿನ ಬಹುಪಾಲನ್ನು ಈ ಫಿಲ್ಟರ್‌ಗಳು ಹೊರಗೇ ನಿಲ್ಲಿಸುತ್ತವೆ. ಏಕಶೃಂಗಿ ಪುಂಜದ ರೋಸೆಟ್ ನೀಹಾರಿಕೆ ಜನವರಿ, ಫೆಬ್ರುವರಿಯಲ್ಲಿ ನಮಗೆ ನೆತ್ತಿಯ ಸಮೀಪಕ್ಕೇ ಬರುವುದರಿಂದ ಅದನ್ನೇ ಆರಿಸಿಕೊಂಡೆ. ಐದೈದು ನಿಮಿಷದ ಫ್ರೇಮುಗಳಂತೆ ಜಲಜನಕಕ್ಕೆ ಆರು ಗಂಟೆ, ಉಳಿದೆರಡಕ್ಕೆ ಐದೈದು ಗಂಟೆ, ಒಟ್ಟು 192 ಫ್ರೇಮುಗಳು ಕೂಡಿದವು.

ಮೂರು ಫಿಲ್ಟರ್‌ಗಳ ಚಿತ್ರಗಳಲ್ಲಿ ಗಂಧಕದ್ದನ್ನು ಕೆಂಪು ಬಣ್ಣಕ್ಕೆ, ಜಲಜನಕದ್ದನ್ನು ಹಸಿರಿಗೆ, ಆಮ್ಲಜನಕದ್ದನ್ನು ನೀಲಿಗೆ ಕೊಡುವ ಪದ್ಧತಿ 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಹದ್ದು ನೀಹಾರಿಕೆಯ ಕಂಬಗಳ ಚಿತ್ರದಿಂದ ಮನೆಮಾತಾಯಿತು. ನಾನೂ ಹಾಗೆಯೇ ಮೂರನ್ನೂ ಸೇರಿಸಿದಾಗ ನೀಹಾರಿಕೆಯ ಅಂಚು ಹೊನ್ನಿನಂತೆ, ಒಡಲು ಕಡುನೀಲಿಯಾಗಿ ಮೂಡಿ ಬಂದವು. ನಕ್ಷತ್ರಗಳು ಮಾತ್ರ ಒಂದೂ ಬಿಡದೆ ಮೆಜೆಂತಾ. ದೊಡ್ಡದೊಂದು ನಕ್ಷತ್ರವನ್ನು ಹಿಗ್ಗಿಸಿ ನೋಡಿದರೆ, ನಡುವೆ ಬೆಳ್ಳಗೆ ಸುಟ್ಟುಹೋದ ಚುಕ್ಕೆ, ಸುತ್ತಲೂ ಬೀಟ್‌ರೂಟ್ ಹೆಚ್ಚಿದ ಮಣೆಯ ಮೇಲೆ ಉಳಿಯುವಂಥ ಬಣ್ಣದ ಉಂಗುರ.

ಕಾರಣ ಸರಳವಾದದ್ದೇ. ನೀಹಾರಿಕೆ ಕೆಲವೇ ಗೆರೆಗಳಲ್ಲಿ ಹೊಳೆದರೆ ನಕ್ಷತ್ರ ಎಲ್ಲ ತರಂಗಾಂತರಗಳಲ್ಲೂ ಬೆಳಗುತ್ತದೆ. ಹಾಗಾಗಿ ಮೂರು ಫಿಲ್ಟರ್‌ಗಳಲ್ಲೂ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ದಾಖಲಾಗಿರುತ್ತದೆ. ಆದರೆ ಜಲಜನಕದ ಮುಂದೆ ತೀರಾ ಮಂಕಾಗಿರುವ ಗಂಧಕ, ಆಮ್ಲಜನಕಗಳನ್ನು ನಾವು ಎಳೆದೆಳೆದು ಮೇಲೆತ್ತುವಾಗ, ಆ ಎರಡರಲ್ಲಿರುವ ನಕ್ಷತ್ರಗಳೂ ಜತೆಗೇ ಉಬ್ಬಿಬಿಡುತ್ತವೆ. ಹಸಿರು ಹಿಂದೆ ಬಿದ್ದು, ಕೆಂಪೂ ನೀಲಿಯೂ ಕೂಡಿಕೊಂಡರೆ ಮೆಜೆಂತಾ ಆಗದೆ ಇನ್ನೇನಾದೀತು?

ಇಲ್ಲಿಂದ ಮುಂದೆ ಎಡವಿದ್ದೆಲ್ಲ ನನ್ನದೇ ಬುದ್ಧಿ. ಚಿತ್ರವನ್ನು ನೆಗೆಟಿವ್‌ನಂತೆ ತಿರುಗಿಸಿದರೆ ಮೆಜೆಂತಾ ಹಸಿರಾಗುತ್ತದೆ, ಹಸಿರು ತೆಗೆಯುವ ಉಪಕರಣವನ್ನು ಓಡಿಸಿ ಮತ್ತೆ ತಿರುಗಿಸಿದರೆ ಕೆಲಸ ಮುಗಿಯುತ್ತದೆ ಎಂಬ ಉಪಾಯ ಈ ಹವ್ಯಾಸದವರಿಗೆಲ್ಲ ಗೊತ್ತಿರುವುದೇ. ಅದನ್ನು ನಾನು ನಕ್ಷತ್ರಗಳಿಗಷ್ಟೇ ಸೀಮಿತಗೊಳಿಸದೆ ಇಡೀ ಚಿತ್ರಕ್ಕೆ ಹಾಕಿದೆ. ಆ ಉಪಾಯ ಒಳಗೆ ಮಾಡುವುದು ಇಷ್ಟೆ: ಕೆಂಪು, ನೀಲಿಗಳ ಸರಾಸರಿಗಿಂತ ಹಸಿರು ಎಲ್ಲೆಲ್ಲಿ ಕಡಿಮೆಯಿದೆಯೋ ಅಲ್ಲಲ್ಲಿ ಅದನ್ನು ಸರಾಸರಿಯ ಮಟ್ಟಕ್ಕೆ ಏರಿಸುತ್ತದೆ. ಅದು ನಕ್ಷತ್ರವೋ ಅನಿಲವೋ ಎಂಬ ವಿವೇಚನೆ ಅದಕ್ಕಿಲ್ಲ. ಒಡಲಿನ ಕಡುನೀಲಿ ತೊಳೆದು ತೊಳೆದು ಮಾಸಿದ ಬಟ್ಟೆಯಂತೆ ತಿಳಿಹಸಿರು ಬೆರೆತ ನೀಲಿಯಾಯಿತು. ಮೆಜೆಂತಾ ಹೋಯಿತಲ್ಲ ಎಂಬ ಖುಷಿಯಲ್ಲಿ ನಾನದನ್ನು ಗಮನಿಸಲಿಲ್ಲ. ಸಾಲದ್ದಕ್ಕೆ, ಡಿಸ್ಕ್ ತುಂಬಿತೆಂದು ಬಿಡಿ ಫ್ರೇಮುಗಳನ್ನೂ ಅವನ್ನು ಒಂದರ ಮೇಲೊಂದು ಕೂಡಿಸಿ ಸ್ಟ್ಯಾಕ್ ಮಾಡಿದ ಮೂಲ ಕಡತಗಳನ್ನೂ ಅಳಿಸಿ, ಆ ಒಂದೇ ಚಿತ್ರವನ್ನು ಉಳಿಸಿಕೊಂಡೆ.

ಅದನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಶಿವಮೊಗ್ಗದಲ್ಲಿರುವ ಸೋದರಮಾವನಿಗೆ ಕೊಟ್ಟೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿ, "ಅಲ್ಲವೋ, ಆರಿದ್ರಾ ಕೆಂಪಗಿದೆ, ಲುಬ್ಧಕ ನೀಲಿಬಿಳುಪು ಅಂತ ನಿನಗೆ ಅಂಗಳದಲ್ಲಿ ನಿಲ್ಲಿಸಿ ತೋರಿಸಿದವನೇ ನಾನು. ಇಲ್ಲಿ ಎಲ್ಲದಕ್ಕೂ ಒಂದೇ ಸುಣ್ಣ ಬಳಿದಿದ್ದೀಯಲ್ಲ?" ಎಂದರು.

ಮನೆಗೆ ಬಂದು ಪರೀಕ್ಷಿಸಿದೆ. ರೋಸೆಟ್‌ನ ನಡುವಿರುವ ಎನ್‌ಜಿಸಿ 2244 ಎಂಬ ನಕ್ಷತ್ರಗುಚ್ಛದ ಪ್ರಮುಖ ನಕ್ಷತ್ರಗಳು ಅತ್ಯಂತ ಬಿಸಿಯಾದ ನೀಲಿ ನಕ್ಷತ್ರಗಳು. ಅವುಗಳ ವಿಕಿರಣದಿಂದಲೇ ಆ ಅನಿಲವೆಲ್ಲ ಹೊಳೆಯುತ್ತಿರುವುದು. ಅವುಗಳ ಪಕ್ಕದಲ್ಲೇ ಕಾಣುವ 12 ಮಾನೊಸೆರೋಟಿಸ್ ಗುಚ್ಛಕ್ಕೆ ಸೇರಿದ್ದಲ್ಲ, ಅದಕ್ಕಿಂತ ಬಹಳ ಈಚೆ ಇರುವ ಕಿತ್ತಳೆ ಛಾಯೆಯ ದೈತ್ಯ ನಕ್ಷತ್ರ. ನನ್ನ ಚಿತ್ರದಲ್ಲಿ ಇವೆರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಮೂಲ ಕಡತಗಳಿದ್ದಿದ್ದರೆ ನೀಹಾರಿಕೆಯ ನೀಲಿಯನ್ನಾದರೂ ಮರಳಿ ಪಡೆಯಬಹುದಿತ್ತು, ಆದರೆ ನಕ್ಷತ್ರಗಳ ಬಣ್ಣ ಅವುಗಳಲ್ಲೂ ಇರಲಿಲ್ಲ. ಜಲಜನಕ, ಗಂಧಕದ ಗೆರೆಗಳ ನಡುವೆ ಇರುವುದು ಸುಮಾರು 16 ನ್ಯಾನೋಮೀಟರ್ ಅಂತರ, ಎರಡೂ ಕಡುಗೆಂಪೇ. ಮೂರು ಫಿಲ್ಟರ್ ಹಾಕಿದರೂ ನಕ್ಷತ್ರದ ಮಟ್ಟಿಗೆ ನಾವು ಅಳೆದದ್ದು ಎರಡೇ ಕಡೆ ಎಂದಂತಾಯಿತು.

ಅಷ್ಟರಲ್ಲಿ ಮೇ ತಿಂಗಳು ಬಂದು ರೋಸೆಟ್ ಸಂಜೆಯ ಬೆಳಕಿನಲ್ಲಿ ಮುಳುಗಿತ್ತು, ಹಿಂದೆಯೇ ಮುಂಗಾರು. ಡಿಸೆಂಬರ್‌ವರೆಗೆ ಕಾಯದೆ ವಿಧಿಯಿರಲಿಲ್ಲ.

ಈಗ ನಾನು ನ್ಯಾರೋಬ್ಯಾಂಡ್ ಫ್ರೇಮುಗಳ ಜತೆಗೇ, ಕ್ಯಾಮೆರಾ ಬಿಚ್ಚುವ ಮೊದಲು, ಸಾಮಾನ್ಯ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಲ್ಲಿ 30 ಸೆಕೆಂಡಿನ ಇಪ್ಪತ್ತಿಪ್ಪತ್ತು ಫ್ರೇಮು ತೆಗೆದುಕೊಳ್ಳುತ್ತೇನೆ. ಒಟ್ಟು ಅರ್ಧ ಗಂಟೆಯ ಕೆಲಸ. ಇಲ್ಲಿ ಬೇಕಿರುವುದು ನಕ್ಷತ್ರಗಳು ಮಾತ್ರವಾದ್ದರಿಂದ ನಗರದ ಬೆಳಕಾಗಲಿ ಬೆಳದಿಂಗಳಾಗಲಿ ಅಷ್ಟಾಗಿ ಬಾಧಿಸುವುದಿಲ್ಲ. ಗೇನ್, ಅಂದರೆ ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಮಟ್ಟ, ಕಡಿಮೆ ಇಟ್ಟು, ನಕ್ಷತ್ರದ ನಡುಭಾಗ ಸುಡದಂತೆ ನೋಡಿಕೊಂಡರೆ ಸಾಕು. ಸ್ಟಾರ್‌ನೆಟ್‌ನಂಥ ತಂತ್ರಾಂಶದಿಂದ ನ್ಯಾರೋಬ್ಯಾಂಡ್ ಚಿತ್ರದ ನಕ್ಷತ್ರಗಳನ್ನು ಅಳಿಸಿ, ನಕ್ಷತ್ರಗಳ ಹೊಳಪು, ಬಣ್ಣಗಳನ್ನು ಅಳೆದ ಗಾಯಾ ಉಪಗ್ರಹದ ಮಾಹಿತಿಯಿಂದ ಬಣ್ಣ ಹೊಂದಿಸಿದ ಈ ನಕ್ಷತ್ರಗಳನ್ನು ಅಲ್ಲಿ ಕೂಡಿಸುತ್ತೇನೆ. ಮೆಜೆಂತಾ ತೆಗೆಯುವ ಉಪಾಯವನ್ನು ಬಳಸಲೇಬೇಕೆನ್ನುವವರು ಬೇರ್ಪಡಿಸಿದ ನಕ್ಷತ್ರಗಳ ಪದರಕ್ಕಷ್ಟೇ ಬಳಸಿ. ಬೆಳ್ಳಗಾದಾವು, ನಿಜಬಣ್ಣ ಬಾರದು, ನೀಹಾರಿಕೆಯಾದರೂ ಉಳಿಯುತ್ತದೆ.

ಕ್ಯಾಮೆರಾ ಬಿಚ್ಚುವ ಮೊದಲು ಎಂದದ್ದಕ್ಕೂ ಕಾರಣವಿದೆ. ಮರುವರ್ಷ ನಾನು ಈ ಅರ್ಧ ಗಂಟೆಯನ್ನು ಇನ್ನೊಂದು ರಾತ್ರಿಗೆ ಮುಂದೂಡಿ, ಕ್ಯಾಮೆರಾವನ್ನು ಮರಳಿ ಕೂರಿಸುವಾಗ ತುಸು ಓರೆಯಾಗಿ ತಿರುಗಿಸಿಬಿಟ್ಟಿದ್ದೆ. 12 ಮಾನೊಸೆರೋಟಿಸ್ ಕೊನೆಗೂ ಕಿತ್ತಳೆಯಾಗಿಯೇ ಬಂತು, ಆದರೆ ಚಿತ್ರದ ನಾಲ್ಕೂ ಮೂಲೆಗಳಲ್ಲಿ ನಕ್ಷತ್ರಗಳೇ ಇಲ್ಲದೆ ಕತ್ತರಿಸಿ ಸಣ್ಣದು ಮಾಡಬೇಕಾಯಿತು. ಮಾವನ ಗೋಡೆಯ ಹಳೆಯ ಕಟ್ಟಿಗೆ ಅದು ಹೊಂದುತ್ತಿಲ್ಲ.